ಒಂದು ಮಿಲಿಮೀಟರ್ ಹುಳುವೂ ಅಪ್ಪನ ಕಿಡ್ನಿಯೂ

ಮೊನ್ನೆ ಊರಿಗೆ ಹೋದಾಗ ಅಪ್ಪನ ಮೂತ್ರ ಪರೀಕ್ಷೆಯ ರಿಪೋರ್ಟು ನೋಡಿದೆ. ಆಲ್ಬುಮಿನ್ ಎದುರಿಗೆ ದಪ್ಪ ಅಕ್ಷರದಲ್ಲಿ ಒಂದು ಅಂಕಿ. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಈಗ ಕಿಡ್ನಿಗೆ ಕೈ ಹಾಕಿದೆ. "ನೋವಿಲ್ಲ, ಊತ ಇಲ್ಲ, ಏನೂ ಆಗಿಲ್ಲ ಬಿಡೋ" ಅಂದರು ಅಪ್ಪ. ಬಯಾಲಜಿಯನ್ನು ಪಿಯುಸಿಗೇ ಬಿಟ್ಟು ಕೋಡ್ ಬರೆಯಲು ಬಂದವನು ನಾನು. ಆದರೂ ಎರಡು ವಾರ ಇದನ್ನೇ ಓದಿದೆ. ಹಾಗೆ ಸಿಕ್ಕಿದ ಕಥೆ ಇದು...

1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬಿಬ್ಬರು ವೈದ್ಯರು ಮಧುಮೇಹಿಗಳ ಕಿಡ್ನಿಯಲ್ಲಿ, ರಕ್ತ ಸೋಸುವ ಜಾಗದಲ್ಲೇ, ಗಂಟುಗಳು ಕಟ್ಟಿರುವುದನ್ನು ವರ್ಣಿಸಿದರು. ಗಂಟು ಕಂಡಿತು. ಜೀವಕೋಶದೊಳಗೆ ಅದನ್ನು ಕಟ್ಟಿಸುವವರು ಯಾರು ಅಂತ ಕಾಣಲಿಲ್ಲ.

ಸುಳಿವು ಸಿಕ್ಕಿದ್ದು ಕಿಡ್ನಿಯೇ ಇಲ್ಲದ ಒಂದು ಹುಳುವಿನಲ್ಲಿ! ಸಿ. ಎಲಿಗನ್ಸ್ ಅಂತ ಅದರ ಹೆಸರು, ಉದ್ದ ಸುಮಾರು 1 ಮಿ.ಮೀ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ತಂಡಗಳು ಅದರಲ್ಲಿ ಬರೀ 22 ಅಕ್ಷರದ ಆರ್‌ಎನ್‌ಎ ತುಣುಕೊಂದರ ಕೆಲಸವನ್ನು ತೋರಿಸಿದವು. ಅದು ತಾನು ಪ್ರೋಟೀನ್ ಮಾಡುವುದಿಲ್ಲ, ಬೇರೆ ಜೀನ್ ಕಳಿಸಿದ ಸಂದೇಶಕ್ಕೆ ಅಂಟಿಕೊಂಡು ಪ್ರೋಟೀನ್ ಆಗದಂತೆ ತಡೆಯುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಕೋಡ್ ಮುಟ್ಟದೆ ಔಟ್‌ಪುಟ್ ತಡೆದ ಹಾಗೆ :-) ಅದು ಹುಳುವಿನ ವಿಚಿತ್ರ ಅಂತಲೇ ಬಹಳ ಜನ ಅಂದುಕೊಂಡರು. 2000ದಲ್ಲಿ ಅಂಥದ್ದೇ ಇನ್ನೊಂದು ತುಣುಕು ಮನುಷ್ಯರಲ್ಲೂ ಸಿಕ್ಕಿತು. 2001ರಲ್ಲಿ ಇವಕ್ಕೆ ಮೈಕ್ರೋಆರ್‌ಎನ್‌ಎ ಎಂಬ ಹೆಸರು ಬಂತು.

2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಮಾ ನಟರಾಜನ್ ಅವರ ತಂಡ, ಮಧುಮೇಹದ ಇಲಿಗಳ ಕಿಡ್ನಿಯಲ್ಲಿ ಮಿರ್-192 ಹೆಚ್ಚಾಗುವುದನ್ನು ಕಂಡಿತು. ಕೊಲಾಜೆನ್ ಜೀನಿಗೆ ಬ್ರೇಕ್ ಹಾಕುವ ಪ್ರೋಟೀನನ್ನು ಇದು ತಗ್ಗಿಸುತ್ತದೆ. ಬ್ರೇಕ್ ಸಡಿಲಾದರೆ ಕೊಲಾಜೆನ್ ಪೇರುತ್ತಾ ಹೋಗುತ್ತದೆ. ಕಥೆ ಮುಗಿಯಿತು ಅಂದುಕೊಂಡೆ. ಆದರೆ 2010ರಲ್ಲಿ ರೋಗಿಗಳ ಬಯಾಪ್ಸಿ ನೋಡಿದ ಕಾರ್ಡಿಫ್ ತಂಡಕ್ಕೆ ಕಂಡದ್ದು ಉಲ್ಟಾ: ಕಿಡ್ನಿ ಹೆಚ್ಚು ಹಾಳಾದವರಲ್ಲಿ ಮಿರ್-192 ಕಡಿಮೆ! ಒಂದೇ ತುಣುಕು, ಬೇರೆ ಬೇರೆ ಕೋಶಗಳಲ್ಲಿ ಬೇರೆ ಬೇರೆ ನಡತೆ.

ಉರಿಯೂತದ ಕಡೆ ಇನ್ನೊಂದಿದೆ, ಮಿರ್-146ಎ. ಅದು ಕೋಶದ ಉರಿಯೂತದ ಕೂಗನ್ನು ತಣ್ಣಗಾಗಿಸುತ್ತದೆ. 2016ರ ಪ್ರಯೋಗವೊಂದರಲ್ಲಿ, ಅದಿಲ್ಲದ ಮಧುಮೇಹಿ ಇಲಿಗಳ ಕಿಡ್ನಿ ಇನ್ನೂ ಹೆಚ್ಚು ಕೆಟ್ಟಿತು.

ಆಂಬ್ರೋಸ್ ಮತ್ತು ರುವ್ಕುನ್‌ಗೆ 2024ರಲ್ಲಿ ನೊಬೆಲ್ ಬಂತು. ಹುಳುವಿನಿಂದ ನೊಬೆಲ್‌ವರೆಗೆ 31 ವರ್ಷ. ಇಷ್ಟಾದರೂ ಮಧುಮೇಹದ ಕಿಡ್ನಿಗೆ ಈ ದಾರಿಯ ಔಷಧಿ ಇನ್ನೂ ಅಂಗಡಿಗೆ ಬಂದಿಲ್ಲ. ಅಪ್ಪನಿಗೆ ಇರುವುದು ಸಕ್ಕರೆ ಹತೋಟಿ, ಬಿಪಿ ಮಾತ್ರೆ, ಕಡಿಮೆ ಉಪ್ಪು, ಮತ್ತೆ ತಪ್ಪದೆ ಪರೀಕ್ಷೆ.

ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಅಲ್ಲ ಕಣೋ, ಹುಳಕ್ಕೂ ನನಗೂ ಒಂದೇ ಲೆಕ್ಕಾನಾ?" ಅಂದರು. ನಕ್ಕೆವು. ಆಮೇಲೆ ಮೆಲ್ಲಗೆ, "ಉಪ್ಪಿನಕಾಯಿ ಬಿಟ್ಟಿದೀನಿ" ಅಂದರು.

ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರಿದ್ದರೆ, ನೋವಿಲ್ಲ ಅಂದರೂ ಬಿಡಬೇಡಿ, ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ನೋಡಿಸಿ. ಬಯಾಲಜಿ ಗೊತ್ತಿರೋರು ತಪ್ಪಿದ್ದರೆ ತಿದ್ದಿ.