ಲೈಪ್‌ಜಿಗ್ ಸ್ಪಿನ್ನರೈ

ಜರ್ಮನಿಯ ಸ್ಯಾಕ್ಸನಿ ರಾಜ್ಯದ ಲೈಪ್‌ಜಿಗ್ ನಗರದ ಪಶ್ಚಿಮ ಭಾಗದಲ್ಲಿರುವ ಹಳೆಯ ಹತ್ತಿ ಗಿರಣಿ. ಈಗ ಕಲಾವಿದರ ಸ್ಟುಡಿಯೊಗಳ ಹಾಗೂ ಗ್ಯಾಲರಿಗಳ ನೆಲೆ. ವಿಸ್ತಾರ ಸುಮಾರು 10 ಹೆಕ್ಟೇರ್. ಜರ್ಮನ್ ಭಾಷೆಯಲ್ಲಿ ‘ಸ್ಪಿನ್ನರೈ’ ಎಂದರೆ ನೂಲುವ ಗಿರಣಿ.

ಗಿರಣಿಯ ಕಾಲ: 1884ರಲ್ಲಿ ಆರಂಭವಾದ ಈ ಗಿರಣಿ ಕಾಲು ಶತಮಾನದೊಳಗೆ ಸುಮಾರು 2,40,000 ಕದಿರುಗಳಿಗೆ ಬೆಳೆದು, ಯುರೋಪ್ ಭೂಖಂಡದ ಅತಿ ದೊಡ್ಡ ಹತ್ತಿ ಗಿರಣಿ ಎನಿಸಿತು. ಸಾವಿರಾರು ಜನ ಇಲ್ಲಿ ದುಡಿದರು. ಕಾರ್ಮಿಕರ ಮನೆ, ಶಿಶುವಿಹಾರ, ಕೈತೋಟಗಳೆಲ್ಲ ಸೇರಿ ಗಿರಣಿಯೇ ಒಂದು ಊರಾಯಿತು. ಹತ್ತಿಗಾಗಿ ಕಂಪನಿಯು ಇಂದಿನ ಟಾಂಜಾನಿಯಾದಲ್ಲಿ, ಆಗಿನ ಜರ್ಮನ್ ವಸಾಹತಿನಲ್ಲಿ, ತೋಟಗಳನ್ನೂ ಹೊಂದಿತ್ತು. ಎರಡನೇ ಮಹಾಯುದ್ಧದ ನಂತರ ಗಿರಣಿ ಸರ್ಕಾರದ ಸ್ವಾಮ್ಯಕ್ಕೆ ಬಂತು. ಪೂರ್ವ ಜರ್ಮನಿಯ ಕಾಲದಲ್ಲಿ ಇಲ್ಲಿನ ಪಾಳಿಗಳಲ್ಲಿ ದುಡಿದವರಲ್ಲಿ ಹೆಂಗಸರೇ ಹೆಚ್ಚು.

ಪರಿವರ್ತನೆ: 1990ರಲ್ಲಿ ಎರಡು ಜರ್ಮನಿಗಳು ಒಂದಾದಾಗ ಪೂರ್ವದ ಕಾರ್ಖಾನೆಗಳು ಮುಕ್ತ ಮಾರುಕಟ್ಟೆಯ ಪೈಪೋಟಿ ತಾಳಲಾರದೆ ಒಂದೊಂದಾಗಿ ಮುಚ್ಚಿದವು. ಇಲ್ಲಿ ನೂಲುವ ಕೆಲಸ 1993ರಲ್ಲಿ ನಿಂತಿತು. ಆ ಹೊತ್ತಿಗಾಗಲೇ ಕಡಿಮೆ ಬಾಡಿಗೆ ಕಲಾವಿದರನ್ನು ಸೆಳೆದಿತ್ತು. ಕಟ್ಟಡವೂ ಅವರಿಗೆ ಹೇಳಿ ಮಾಡಿಸಿದಂತಿತ್ತು. ಕಡಿದ ಎಳೆ ಕಣ್ಣಿಗೆ ಬೀಳಲೆಂದು ಇಟ್ಟ ದೊಡ್ಡ ಕಿಟಕಿಗಳು ಚಿತ್ರ ಬರೆಯುವವರಿಗೆ ಬೆಳಕು ಕೊಟ್ಟವು. ಯಂತ್ರಗಳ ಭಾರ ಹೊತ್ತ ನೆಲ ಶಿಲ್ಪಿಗಳ ಕಲ್ಲು, ಕಬ್ಬಿಣವನ್ನೂ ಹೊತ್ತಿತು. ‘ಹೊಸ ಲೈಪ್‌ಜಿಗ್ ಪಂಥ’ದ ಪ್ರಮುಖ ಚಿತ್ರಕಾರ ನಿಯೊ ರೌಖ್ ತಮ್ಮ ಬೃಹತ್ ಕ್ಯಾನ್ವಾಸ್‌ಗಳನ್ನು ರಚಿಸಿದ್ದು ಇಲ್ಲಿಯ ಸ್ಟುಡಿಯೊದಲ್ಲಿ. 2001ರಲ್ಲಿ ಆವರಣ ಹೊಸ ಮಾಲೀಕರ ಕೈಸೇರಿತು. 14ನೆಯ ಕಟ್ಟಡದಲ್ಲಿ ‘ಹಾಲೆ 14’ ಎಂಬ ಲಾಭರಹಿತ ಕಲಾಕೇಂದ್ರ ರೂಪುಗೊಂಡಿತು. 2005ರಲ್ಲಿ ಐಗನ್ + ಆರ್ಟ್ ಸೇರಿದಂತೆ ಹಲವು ಗ್ಯಾಲರಿಗಳು ಇಲ್ಲಿಗೆ ಬಂದವು.

ಇಂದಿನ ಸ್ಥಿತಿ: ಸುಮಾರು ನೂರು ಕಲಾವಿದರು ಇಲ್ಲಿ ಕೆಲಸ ಮಾಡುತ್ತಾರೆ. ಗ್ಯಾಲರಿಗಳೆಲ್ಲ ಒಟ್ಟಾಗಿ ಪ್ರದರ್ಶನ ತೆರೆಯುವ ‘ರುಂಡ್‌ಗಾಂಗ್’ ದಿನಗಳಲ್ಲಿ ಆವರಣ ಜನರಿಂದ ತುಂಬುತ್ತದೆ. ಕೆಂಪು ಇಟ್ಟಿಗೆಯ ಗೋಡೆಗಳು, ಕಲ್ಲುಹಾಸಿನ ನಡುವೆ ಹಾದುಹೋಗುವ ಸರಕು ರೈಲಿನ ಹಳಿಗಳು ಹಾಗೆಯೇ ಉಳಿದಿವೆ. ಗ್ಯಾಲರಿಗಳಿಗಿಂತ ಮೊದಲೇ ಕಲಾವಿದರು ಬಂದು ನೆಲೆಸಿದ್ದರಿಂದ ಸ್ಪಿನ್ನರೈ ಬರಿಯ ಪ್ರದರ್ಶನದ ತಾಣವಾಗದೆ ಇಂದಿಗೂ ದುಡಿಮೆಯ ಜಾಗವಾಗಿಯೇ ಉಳಿದಿದೆ.