ಅರ್ಧ ಕೆಟ್ಟ ಚಿಪ್‌ಗಳ ಕಂಪ್ಯೂಟರ್

ಪುಣೆಯ ಜೂನಾ ಬಜಾರಿನಲ್ಲಿ, ಹಳೆಯ ಮಿಕ್ಸರ್‌ಗಳ ರಾಶಿಯ ಪಕ್ಕ, ನನಗೊಂದು ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಸಿಕ್ಕಿತು. ರಬ್ಬರ್ ಕೀಗಳ ಪುಟ್ಟ ಕಪ್ಪು ಡಬ್ಬಿ. ಭಾರತದಲ್ಲಿ ಡೆಸಿಬೆಲ್ಸ್ ಕಂಪನಿ ಪರವಾನಗಿ ಪಡೆದು ಮಾರಿದ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಅಲ್ಲ ಇದು. 48 ಕೆ ಮೆಮೊರಿಯ ಮೂಲ ಬ್ರಿಟಿಷ್ ಯಂತ್ರ. ಟಿವಿಗೆ ಜೋಡಿಸಿದರೆ ಪರದೆ ತುಂಬ ಕಸದಂಥ ಪಟ್ಟೆಗಳು.

ಮೆಮೊರಿ ಹೋಗಿದೆ ಎಂದುಕೊಂಡೆ. ಎಂಟೂ 4116 ಚಿಪ್‌ಗಳನ್ನು ಕಿತ್ತು, ಸಾಕೆಟ್ ಹಾಕಿ, ಹೊಸ ಎಂಟನ್ನು ಕೂರಿಸಿದೆ. ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೇ ಬೆರಳಿಡಲಾಗದಷ್ಟು ಕಾದವು. ಅಷ್ಟೂ ಹೋದವು. ಮೂಲ ಕಾರಣ ಹುಡುಕದೆ ಪ್ಯಾಚ್ ಹಾಕಬೇಡಿ ಎಂದು ಆಫೀಸಿನಲ್ಲಿ ಹುಡುಗರಿಗೆ ದಿನವೂ ಹೇಳುವವನು ನಾನೇ!

ಆಮೇಲೆ ಅದರ ಇತಿಹಾಸ ಓದಲು ಕೂತೆ. ಸ್ಪೆಕ್ಟ್ರಮ್ ಬಂದದ್ದು 1982ರ ಏಪ್ರಿಲ್‌ನಲ್ಲಿ. 16 ಕೆ ಯಂತ್ರಕ್ಕೆ 125 ಪೌಂಡ್, 48 ಕೆಗೆ 175. ಆಗ ಬಿಬಿಸಿ ಮೈಕ್ರೋ ಮಾಡೆಲ್ ಬಿ ಬೆಲೆ 399 ಪೌಂಡ್. ಕ್ಲೈವ್ ಸಿಂಕ್ಲೇರ್‌ಗೆ ಅಗ್ಗವೇ ಮಂತ್ರ. 1960ರ ದಶಕದಲ್ಲೇ ತಿರಸ್ಕೃತ ಟ್ರಾನ್ಸಿಸ್ಟರ್‌ಗಳನ್ನು ಕೊಂಡು, ಪರೀಕ್ಷಿಸಿ, ಮಾರಿದ ಮನುಷ್ಯ.

4116 ಕೂಡ ಅಗ್ಗದ ಚಿಪ್, ಆದರೆ ಅದಕ್ಕೆ ಮೂರು ಬಗೆಯ ವೋಲ್ಟೇಜ್ ಬೇಕು: 5, 12 ಮತ್ತು ಮೈನಸ್ 5. ಹೊರಗಿನ ಅಡಾಪ್ಟರ್ ಕೊಡುವುದು 9 ವೋಲ್ಟ್ ಮಾತ್ರ. ಉಳಿದದ್ದನ್ನು ಬೋರ್ಡಿನ ಮೇಲಿನ ಒಂದು ಕಾಯಿಲ್, ಎರಡು ಟ್ರಾನ್ಸಿಸ್ಟರ್ ಸೇರಿ ಹುಟ್ಟಿಸಬೇಕು. ಮೈನಸ್ 5 ಇಲ್ಲದೆ 12 ವೋಲ್ಟ್ ಬಂದರೆ ಚಿಪ್ ಸುಟ್ಟುಹೋಗುತ್ತದೆ. ಕರೆಂಟ್ ಇರುವಾಗಲೇ ಹಿಂಬದಿಗೆ ಜಾಯ್‌ಸ್ಟಿಕ್ ಇಂಟರ್‌ಫೇಸ್ ಸಿಕ್ಕಿಸುವುದು, ಕೀಳುವುದು ಆ ಟ್ರಾನ್ಸಿಸ್ಟರ್ ಸಾಯಿಸುವ ಹಳೆಯ ವಿಧಾನ. ನನ್ನದರಲ್ಲೂ ಟಿಆರ್4 ಸತ್ತಿತ್ತು.

ಅದನ್ನೂ ಜೊತೆಗಾರ ಟಿಆರ್5ನ್ನೂ ಬದಲಿಸಿ, ಈ ಸಲ ಖಾಲಿ ಸಾಕೆಟ್‌ನಲ್ಲೇ ಅಳೆದೆ: 1ನೇ ಕಾಲಿನಲ್ಲಿ ಮೈನಸ್ 5, 8ರಲ್ಲಿ 12, 9ರಲ್ಲಿ 5. ಮತ್ತೆ ಎಂಟು ಚಿಪ್ ಕೂರಿಸಿದೆ. ಈಗ ಪರದೆಯಲ್ಲಿ ಸಮನಾದ ಅಂತರದ 32 ತೆಳು ಗೆರೆಗಳು. ಖುಷಿಯಾಯಿತು! ಈ ಯಂತ್ರದಲ್ಲಿ ಪರದೆಯ ಚಿತ್ರ ಇರುವುದು ಇದೇ 16 ಕೆ ಒಳಗೆ, ಪ್ರತಿ ಬೈಟಿನ ಒಂದೊಂದು ಬಿಟ್‌ಗೆ ಒಂದೊಂದು ಚಿಪ್. ಸಾಲಿಗೆ 32 ಬೈಟ್. ಎಂಟರಲ್ಲಿ ಎಷ್ಟನೇ ಜಾಗದಲ್ಲಿ ಗೆರೆ ಬಿದ್ದಿದೆ ಎಂದು ಎಣಿಸಿದರೆ ಸತ್ತ ಚಿಪ್ ಸಿಕ್ಕಿತು. ಹಳೆಯ ಸ್ಟಾಕಿನ ಒಂದು ಕೆಟ್ಟಿತ್ತು, ಬದಲಿಸಿದೆ. ಬಿಳಿ ಪರದೆ, ಕೆಳಗೆ ‘1982 ಸಿಂಕ್ಲೇರ್ ರಿಸರ್ಚ್’. ಮಗಳು “ಇಷ್ಟೇನಾ?” ಎಂದಳು.

ಇಷ್ಟೇ ಅಲ್ಲ. ಮೇಲಿನ 32 ಕೆ ಇನ್ನೂ ಕೆಲಸ ಮಾಡುತ್ತಿಲ್ಲ. ಅಲ್ಲಿ ಸಿಂಕ್ಲೇರ್ ಬಳಸಿದ್ದು 64 ಕಿಲೋಬಿಟ್‌ನ, ಅರ್ಧ ಭಾಗ ಕೆಟ್ಟಿದ್ದರಿಂದ ಅಗ್ಗಕ್ಕೆ ಸಿಕ್ಕ ಚಿಪ್‌ಗಳನ್ನು. ಎಂಟರಲ್ಲೂ ಒಂದೇ ಕಡೆಯ ಅರ್ಧ ಚೆನ್ನಾಗಿರಬೇಕು. ಯಾವ ಅರ್ಧ ಎಂದು ಬೋರ್ಡಿನ ಮೇಲೆ ಒಂದು ತಂತಿ ಕೊಂಡಿ ಹೇಳುತ್ತದೆ. ಹೀಗೆ ಬೇರೆಯವರ ಕಸದಿಂದ ಕಟ್ಟಿದ ಯಂತ್ರ ಲಕ್ಷಾಂತರ ಮನೆಗಳಿಗೆ ಹೋಯಿತು. ರಾಮ್ ಪರೀಕ್ಷೆ ಮೊದಲ ಕೆಟ್ಟ ಜಾಗಕ್ಕೇ ನಿಂತು, ಅಲ್ಲಿಯವರೆಗಿನ ಮೆಮೊರಿಯಲ್ಲೇ ಸಂಸಾರ ಸಾಗಿಸುತ್ತದೆ. ಸದ್ಯಕ್ಕೆ ನನ್ನದು 125 ಪೌಂಡಿನ ಯಂತ್ರ. ಮುಂದಿನ ಭಾನುವಾರ ಆ ಕೊಂಡಿ ಯಾವ ಕಡೆಗಿದೆ ಎಂದು ನೋಡಬೇಕು.