ಉತ್ತರ ಕಾಣದ ಕರೆ: ಪಂಜರದ ಗಿಳಿಯ ಅತಿ ಕಿರುಚಾಟ, ವೇಣೂರು ಸೀಮೆಯ ನೆಲೆಯಿಂದ ಒಂದು ವಿವೇಚನೆ

ವೇಣೂರು, ಮೂಡುಬಿದಿರೆ, ಬೆಳ್ತಂಗಡಿ ಸೀಮೆಯ ತೋಟದ ಮನೆಗಳಲ್ಲಿ ಜಗಲಿಯ ಪಕ್ಕಾಸಿಗೆ ತೂಗುಹಾಕಿದ ಗಿಳಿಯ ಗೂಡು ಹೊಸ ನೋಟವೇನಲ್ಲ. ಹಿಂದೆ ಅದರೊಳಗೆ ಊರಿನ ಹಸಿರು ಗಿಳಿ ಇರುತ್ತಿತ್ತು. ಈಗ ಪೇಟೆಯ ಅಂಗಡಿಯಿಂದ ಬಂದ ಬಜರಿಗರ್, ಕಾಕಟೀಲ್, ಸನ್ ಕಾನ್ಯೂರ್‌ಗಳು ಆ ಜಾಗಕ್ಕೆ ಬಂದಿವೆ. ಹಕ್ಕಿ ಬದಲಾದರೂ ಅದರಿಂದ ನಾವು ಬಯಸುವುದು ಬದಲಾಗಿಲ್ಲ. ಗಿಳಿಗೂ ಗೊರವಂಕಕ್ಕೂ ಮಾತು ಕಲಿಸುವುದನ್ನು ವಾತ್ಸ್ಯಾಯನ 64 ಕಲೆಗಳಲ್ಲಿ ಒಂದೆಂದು ಎಣಿಸಿದ. ಬಾಣನ ಕಾದಂಬರಿಯಲ್ಲಿ, ಅದನ್ನು ಕನ್ನಡಕ್ಕೆ ತಂದ ನಾಗವರ್ಮನ ಕೃತಿಯಲ್ಲಿ, ರಾಜಸಭೆಯಲ್ಲಿ ಕಥೆ ಹೇಳುವುದು ಒಂದು ಗಿಳಿ. ಹಕ್ಕಿ ನಮ್ಮ ಮಾತನ್ನು ಆಡಿದರೆ ಅಕ್ಕರೆ, ತನ್ನ ದನಿಯಲ್ಲಿ ಕೂಗಿದರೆ ಪೀಡೆ ಎಂಬ ಈ ಭೇದ ಹೀಗೆ ಬಹಳ ಹಳೆಯದು. ಗಿಳಿಯ ಅತಿ ಕಿರುಚಾಟವನ್ನು ನಾವು ತಪ್ಪಾಗಿ ಅರ್ಥಮಾಡಿಕೊಳ್ಳುವುದಕ್ಕೆ ಈ ಭೇದವೇ ಮೂಲ ಎಂಬುದು ಇಲ್ಲಿನ ವಾದ. ಮಾತು, ಕೂಗು ಎರಡೂ ಹಕ್ಕಿಯ ಒಂದೇ ಅಗತ್ಯದಿಂದ ಹುಟ್ಟುತ್ತವೆ: ಗುಂಪಿನೊಡನೆ ಸಂಪರ್ಕ ಉಳಿಸಿಕೊಳ್ಳುವುದು. ಆದ್ದರಿಂದ ಕೂಗನ್ನು ಅಡಗಿಸಲು ಹೊರಡುವ ಚಿಕಿತ್ಸೆ ಸೋಲುತ್ತದೆ. ಯಾವ ದನಿಗೆ, ಯಾವಾಗ ಉತ್ತರ ಸಿಗುತ್ತದೆ ಎಂಬುದನ್ನು ಬದಲಿಸುವ ಚಿಕಿತ್ಸೆ ಮಾತ್ರ ಫಲಿಸುತ್ತದೆ.

ಗಿಳಿ ಜಾತಿಯ ಹಕ್ಕಿಗಳ ಸಂಪರ್ಕದ ಕೂಗಿನ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ನಡೆದ ಕೆಲಸ ಈ ವಾದಕ್ಕೆ ಮೊದಲ ಆಧಾರ. ಕಾರ್ಲ್ ಬರ್ಗ್ ಮತ್ತು ಸಂಗಡಿಗರು ವೆನೆಜುವೆಲಾದ ಪುಟ್ಟ ಹಸಿರು ಗಿಳಿಗಳ ಗೂಡುಪೆಟ್ಟಿಗೆಗಳಲ್ಲಿ ದನಿಮುದ್ರಣ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಮರಿಗೂ ಗುರುತಿನ ಕೂಗೊಂದು ಇರುತ್ತದೆ, ಅದನ್ನು ಮರಿ ತಂದೆ-ತಾಯಿಯಿಂದ ಕಲಿಯುತ್ತದೆ ಎಂದು ತೋರಿಸಿದರು. ಬೇರೆ ಗೂಡಿಗೆ ಸೇರಿಸಿದ ಮರಿಗಳ ಕೂಗು ಹೆತ್ತವರನ್ನು ಬಿಟ್ಟು ಸಾಕಿದವರನ್ನು ಹೋಲಿತು. ಕೋಸ್ಟರಿಕಾದಲ್ಲಿ ಬಾಲ್ಸ್ಬಿ ಮತ್ತು ಬ್ರಾಡ್‌ಬರಿ ಅಧ್ಯಯನ ಮಾಡಿದ ಗಿಳಿಗಳು ಎದುರಿನ ಗಿಳಿಯ ಕೂಗಿಗೆ ತಮ್ಮ ಕೂಗನ್ನು ಹೊಂದಿಸಿ ಉತ್ತರಿಸುತ್ತಿದ್ದವು. ಬಜರಿಗರ್‌ಗಳಲ್ಲಿ ಜೊತೆಗೂಡಿದ ಗಂಡು ಹೆಣ್ಣಿನ ಕೂಗನ್ನೇ ಅನುಕರಿಸುತ್ತದೆಂದು 2000ದ ಒಂದು ಪ್ರಯೋಗ ಹೇಳುತ್ತದೆ. ಇವುಗಳ ಒಟ್ಟು ಸೂಚನೆ ಸ್ಪಷ್ಟ. ಕಾಣದ ಸಂಗಾತಿಗೆ 'ನಾನು ಇಲ್ಲಿದ್ದೇನೆ, ನೀನು ಎಲ್ಲಿ' ಎಂದು ಕೇಳುವುದು, ಉತ್ತರ ಬಂದರೆ ಸುಮ್ಮನಾಗುವುದು, ಬಾರದಿದ್ದರೆ ಮತ್ತೂ ಎತ್ತರದಲ್ಲಿ ಕೇಳುವುದು ಗಿಳಿಯ ಸಹಜ ಕ್ರಮ. ಮನೆಮಂದಿ ಅಡುಗೆಕೋಣೆಗೋ ತೋಟಕ್ಕೋ ಹೋದ ಕೂಡಲೇ ಕಿರುಚಾಟ ಶುರುವಾಗುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಆ ಹಕ್ಕಿಗೆ ಮನೆಮಂದಿಯೇ ಗುಂಪು. ಬೆಳಗ್ಗೆ, ಮುಸ್ಸಂಜೆ ಸ್ವಲ್ಪ ಹೊತ್ತು ಗಲಾಟೆ ಮಾಡುವುದೂ ಇದೇ ಕ್ರಮದ ಭಾಗ. ಅಡಿಕೆ ತೋಟದ ಮೇಲೆ ಹಾರಿಹೋಗುವ ಕಾಡು ಗಿಳಿಗಳೂ ಆ ಹೊತ್ತಿನಲ್ಲೇ ಹೆಚ್ಚು ಕೂಗುತ್ತವೆ. ಇಷ್ಟನ್ನು 'ಅತಿ' ಎಂದು ಕರೆಯುವುದು ಸಲ್ಲದು. ಹಗಲಿಡೀ ಬಿಡದೆ, ತಿನ್ನುವುದು, ಆಡುವುದು, ಗರಿ ತಿದ್ದುವುದನ್ನೂ ಬಿಟ್ಟು ಕಿರುಚುವ ಹಕ್ಕಿಯ ಪ್ರಶ್ನೆ ಇಲ್ಲಿಯದು.

ಈ ವಿವರಣೆಗೆ ಎದುರಾಗುವ ಗಟ್ಟಿಯಾದ ಆಕ್ಷೇಪ ಕಲಿಕೆಯ ಸಿದ್ಧಾಂತದಿಂದ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಕಿರುಚಿದಾಗ ಯಾರಾದರೂ ಓಡಿಬಂದರೆ, ಬೈದರೂ ಸರಿ, ಕಾಳು ಹಾಕಿದರೂ ಸರಿ, ಕಿರುಚಿದರೆ ಜನ ಬರುತ್ತಾರೆ ಎಂಬುದನ್ನು ಹಕ್ಕಿ ಕಲಿಯುತ್ತದೆ. ಹಾಗಾದರೆ ಕರೆಗೆ ಉತ್ತರ ಕೊಡಿ ಎನ್ನುವುದು ರೋಗಕ್ಕೆ ಆಹಾರ ಕೊಟ್ಟಂತಲ್ಲವೇ? ಪೂರ್ತಿ ಕಡೆಗಣಿಸುವುದೇ ಮದ್ದಲ್ಲವೇ? ತತ್ತ್ವದಲ್ಲಿ ಇದು ಸರಿ. ಆದರೆ ಅದೇ ಸಿದ್ಧಾಂತದ ಉಳಿದ ಭಾಗ ಈ ಸಲಹೆಗೆ ಅಡ್ಡ ನಿಲ್ಲುತ್ತದೆ. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ದಾಖಲಿಸಿದ ಸಂಗತಿಯೆಂದರೆ, ಪ್ರತಿಸಲವೂ ಸಿಗದೆ ಆಗೊಮ್ಮೆ ಈಗೊಮ್ಮೆ ಸಿಗುವ ಪ್ರತಿಫಲ ವರ್ತನೆಯನ್ನು ಹೆಚ್ಚು ಗಟ್ಟಿಮಾಡುತ್ತದೆ. ಪ್ರತಿಫಲ ನಿಂತೊಡನೆ ವರ್ತನೆ ಇಳಿಯುವ ಮುನ್ನ ಹಲವು ವೇಳೆ ಒಮ್ಮೆ ಉಲ್ಬಣಿಸುತ್ತದೆ. ನಾಲ್ಕು ಜನರಿರುವ ಮನೆಯಲ್ಲಿ ಮೂವರು ಕಡೆಗಣಿಸಿ, ತಾಳಲಾರದೆ ಅಜ್ಜಿಯೊಬ್ಬರು ಉಲ್ಬಣದ ಹೊತ್ತಿನಲ್ಲಿ ಎದ್ದುಬಂದು ಮಾತಾಡಿಸಿದರೆ, ಹಕ್ಕಿ ಕಲಿಯುವುದು ಇನ್ನೂ ಜೋರಾಗಿ, ಇನ್ನೂ ಹೆಚ್ಚು ಹೊತ್ತು ಕಿರುಚಬೇಕು ಎಂಬುದನ್ನು. ಅಜ್ಜಿಯ ತಪ್ಪೇನಿಲ್ಲ, ಕೂಡುಮನೆಯಲ್ಲಿ ನೂರಕ್ಕೆ ನೂರು ಕಡೆಗಣನೆ ಸಾಧ್ಯವೆಂದು ಊಹಿಸಿದ ಸಲಹೆಯದೇ ತಪ್ಪು. ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ನಾವು ಗದರಿದಾಗ ಹಕ್ಕಿ ಬೆಚ್ಚಿ ಅರೆಗಳಿಗೆ ಸುಮ್ಮನಾಗುತ್ತದೆ. ಆ ಅರೆಗಳಿಗೆಯ ನೆಮ್ಮದಿ ನಮ್ಮ ಗದರಿಕೆಗೆ ಸಿಕ್ಕ ಪ್ರತಿಫಲ. ಹೀಗೆ ಹಕ್ಕಿ ನಮಗೆ ಗದರುವುದನ್ನೂ ನಾವು ಅದಕ್ಕೆ ಕಿರುಚುವುದನ್ನೂ ಕಲಿಸುತ್ತ ಹೋಗುತ್ತೇವೆ, ಇಬ್ಬರಿಗೂ ಅದರ ಅರಿವಿರುವುದಿಲ್ಲ.

ಸಂಪರ್ಕದ ವಿವರಣೆಯೂ ಕಲಿಕೆಯ ವಿವರಣೆಯೂ ಎದುರುಬದುರಾಗಿ ನಿಲ್ಲಬೇಕಾಗಿಲ್ಲ ಎಂಬುದಕ್ಕೆ ಬಜರಿಗರ್‌ಗಳ ಮೇಲಿನ 1998ರ ಒಂದು ಪ್ರಯೋಗ ನನಗೆ ಬಹು ಮುಖ್ಯವಾಗಿ ಕಾಣುತ್ತದೆ. ಮನಾಬೆ, ಸದ್ರ್ ಮತ್ತು ಡೂಲಿಂಗ್ ಎಂಬ ಸಂಶೋಧಕರು ಕೂಗಿನ ಜೋರಿಗೆ ತಕ್ಕಂತೆ ಕಾಳು ಕೊಟ್ಟು, ಹಕ್ಕಿಗಳು ತಮ್ಮ ದನಿಯನ್ನು ಏರಿಸಲೂ ಇಳಿಸಲೂ ಕಲಿಯಬಲ್ಲವೆಂದು ತೋರಿಸಿದರು. ಸುತ್ತ ಗದ್ದಲ ಹೆಚ್ಚಿಸಿದಾಗ ಅವು ತಾವಾಗಿಯೇ ಗಟ್ಟಿಯಾಗಿ ಕೂಗಿದವು. ಮನುಷ್ಯರಲ್ಲಿ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ಗುರುತಿಸಿದ್ದ ಪರಿಣಾಮವೇ ಇದು. ಮೊದಲ ಫಲಿತಾಂಶದಿಂದ ತಿಳಿಯುವುದೆಂದರೆ, ಕರೆಯುವ ಹಂಬಲ ಹುಟ್ಟುಗುಣವಾದರೂ ಕರೆಯ ಜೋರು ಕಲಿಕೆಯಿಂದ ಬದಲಾಗಬಲ್ಲದು. ಆದ್ದರಿಂದ ಉತ್ತರ ಕೊಡಬೇಕೇ ಬೇಡವೇ ಎಂದು ಚರ್ಚಿಸುವುದಕ್ಕಿಂತ ಯಾವ ದನಿಗೆ ಕೊಡಬೇಕೆಂದು ನಿಶ್ಚಯಿಸುವುದು ಮುಖ್ಯ. ಹಕ್ಕಿ ಈಗಾಗಲೇ ಮಾಡುವ ಮೆಲುದನಿಯೊಂದನ್ನು, ಒಂದು ಸಿಳ್ಳೆಯನ್ನೋ 'ರಾಮ' ಎಂಬ ಮಾತನ್ನೋ, ಮನೆಯವರೆಲ್ಲ ಸೇರಿ ಆರಿಸಿಕೊಳ್ಳಬೇಕು. ಅದು ಕೇಳಿದೊಡನೆ, ಎಲ್ಲೇ ಇದ್ದರೂ, ಅದೇ ದನಿಯಲ್ಲಿ ಓಗೊಡಬೇಕು. ಕೋಣೆಯಿಂದ ಹೊರಡುವಾಗ ಹಕ್ಕಿ ಕೇಳುವ ಮುನ್ನ ನಾವೇ ಆ ಸಿಳ್ಳೆ ಹಾಕಬೇಕು. ಕಿರುಚಿದಾಗ ತಿರುಗಿಯೂ ನೋಡದೆ, ಕೂಗಿನ ನಡುವೆ ಒಂದೆರಡು ಕ್ಷಣದ ಬಿಡುವು ಬಂದ ಕೂಡಲೇ ಓಗೊಟ್ಟು, ಆ ಬಿಡುವನ್ನು ದಿನದಿಂದ ದಿನಕ್ಕೆ ಉದ್ದ ಮಾಡುತ್ತ ಹೋಗಬೇಕು. ಹಕ್ಕಿಗೆ ಬೇಕಾದ ಫಲ ಸುಲಭವಾದ ಇನ್ನೊಂದು ದಾರಿಯಲ್ಲಿ ಸಿಗುವುದರಿಂದ ಆಗೀಗ ನಡೆಯುವ ಲೋಪದಿಂದ ಎಲ್ಲವೂ ಕೆಡುವುದಿಲ್ಲ. ಬರಿಯ ಕಡೆಗಣನೆಗಿಂತ ಇದರ ಮೇಲುಗೈ ಅಲ್ಲಿದೆ. ಎರಡನೆಯ ಫಲಿತಾಂಶ ನಮ್ಮ ಮಳೆಗಾಲಕ್ಕೆ ನೇರ ಅನ್ವಯಿಸುತ್ತದೆ. ಆಟಿ ತಿಂಗಳ ಮಳೆ ಜಗಲಿಯ ತಗಡಿನ ಮಾಡಿನ ಮೇಲೆ ಸುರಿಯುವಾಗ, ಒಳಗೆ ಟಿವಿ, ಮಿಕ್ಸಿ ಒಟ್ಟಿಗೆ ಓಡುವಾಗ ಹಕ್ಕಿ ದನಿ ಏರಿಸುವುದು ಹಟವಲ್ಲ. ಗೂಡನ್ನು ಮನೆಯ ಶಾಂತ ಭಾಗಕ್ಕೆ ಸರಿಸಿದರೆ ಯಾವ ತರಬೇತಿಯೂ ಇಲ್ಲದೆ ಒಂದಿಷ್ಟು ಕೂಗು ಇಳಿಯಬೇಕೆಂದು ಈ ಫಲಿತಾಂಶದಿಂದ ನಿರೀಕ್ಷಿಸಬಹುದು.

ಆದರೂ ತರಬೇತಿಯೊಂದನ್ನೇ ನಂಬುವುದು ಸಾಲದು. ಪೋರ್ಟೊರಿಕೊದ ಕಾಡಿನಲ್ಲಿ ಅಮೆಜಾನ್ ಗಿಳಿಗಳು ದಿನಕ್ಕೆ ಹಲವು ತಾಸು ಆಹಾರ ಹುಡುಕುವುದರಲ್ಲಿ ಕಳೆಯುತ್ತವೆ, ಪಂಜರದ ಗಿಳಿ ತಟ್ಟೆಯ ಕಾಳನ್ನು ಅದರ ಸಣ್ಣ ಪಾಲು ಹೊತ್ತಿನಲ್ಲೇ ಮುಗಿಸುತ್ತದೆ. ಉಳಿದ ಹಗಲು ಖಾಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದಲ್ಲಿ ಷೆರಿಲ್ ಮೀಹನ್, ಜಾಯ್ ಮೆಂಚ್ ಮುಂತಾದವರು 2003ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ಖಾಲಿತನದ ಬೆಲೆಯನ್ನು ತೋರಿಸಿದವು. ಎಳೆಯ ಅಮೆಜಾನ್ ಗಿಳಿಗಳಿಗೆ ಹುಡುಕಿ ಬಿಡಿಸಿ ತಿನ್ನುವ ಅವಕಾಶ ಒದಗಿಸಿದಾಗ ಗರಿ ಕಿತ್ತುಕೊಳ್ಳುವ ಚಾಳಿ ಹುಟ್ಟುವುದು ತಪ್ಪಿತು, ಇದ್ದದ್ದೂ ಕಡಿಮೆಯಾಯಿತು. ಜೋಡಿಯಾಗಿ ಇರಿಸಿದ ಗಿಳಿಗಳು ಒಂಟಿ ಗಿಳಿಗಳಿಗಿಂತ ಕಡಿಮೆ ಕಿರುಚಿದವು, ಹೆಚ್ಚು ಚಟುವಟಿಕೆಯಿಂದಿದ್ದವು. ಜೋಡಿಯಾದರೆ ಮನುಷ್ಯರ ಹತ್ತಿರ ಬರುವುದಿಲ್ಲ ಎಂಬ ಸಾಮಾನ್ಯ ಭಯಕ್ಕೂ ಅಲ್ಲಿ ಆಧಾರ ಸಿಗಲಿಲ್ಲ. ನಮ್ಮ ಸೀಮೆಯಲ್ಲಿ ಹುಡುಕಿ ತಿನ್ನುವ ಸಾಧನಗಳಿಗೆ ದುಡ್ಡು ಬೇಕಿಲ್ಲ. ಅಡಿಕೆ ಹಾಳೆಯನ್ನು ಸುರುಳಿ ಸುತ್ತಿ ಒಳಗೆ ಕಾಳು ಇಡಬಹುದು, ತೂತು ಕೊರೆದ ತೆಂಗಿನ ಗೆರಟೆಯಲ್ಲಿ ಪೇರಳೆಯ ತುಂಡು ಸಿಕ್ಕಿಸಬಹುದು, ನವಣೆ ತೆನೆ, ನುಗ್ಗೆಸೊಪ್ಪಿನ ಗೆಲ್ಲನ್ನು ಇಡಿಯಾಗಿ ಕಟ್ಟಬಹುದು. ಒಂದು ಎಚ್ಚರಿಕೆ ಅಗತ್ಯ: ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಟ್ಟ ಮರದ ಹಾಳೆಯಲ್ಲಿ ಮೈಲುತುತ್ತು ಉಳಿದಿರುತ್ತದೆ, ಅದು ಹಕ್ಕಿಗೆ ಸಲ್ಲದು. ನಿದ್ದೆಯ ಲೆಕ್ಕವೂ ಹೀಗೆಯೇ ಸ್ಥಳೀಯ. ವೇಣೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲೂ 13 ತಾಸು ಮುಟ್ಟುವುದಿಲ್ಲ. ಹನ್ನೊಂದು ಹನ್ನೆರಡು ತಾಸಿನ ಕತ್ತಲೆ ಇಲ್ಲಿನ ಹಕ್ಕಿಗಳಿಗೆ ಸಹಜ. ರಾತ್ರಿ ಹತ್ತರವರೆಗೆ ಟ್ಯೂಬ್‌ಲೈಟಿನ ಕೆಳಗಿದ್ದು ಬೆಳಗ್ಗೆ ಐದಕ್ಕೆ ಎಬ್ಬಿಸಿಕೊಳ್ಳುವ ಹಕ್ಕಿ ನಿದ್ದೆಗೆಟ್ಟ ಮಗುವಿನಂತೆ ಕಿರಿಕಿರಿ ಮಾಡಿದರೆ ಅಚ್ಚರಿಯಿಲ್ಲ. ಇವೆಲ್ಲಕ್ಕೂ ಮೊದಲು ಪಶುವೈದ್ಯರ ಪರೀಕ್ಷೆ ಆಗಬೇಕು: ಇದ್ದಕ್ಕಿದ್ದಂತೆ ಶುರುವಾದ ಕಿರುಚಾಟದ ಹಿಂದೆ ನೋವು ಇರಬಹುದು, ಸೂರ್ಯಕಾಂತಿ ಬೀಜವನ್ನೇ ತಿನ್ನಿಸಿದ್ದರಿಂದ ಬಂದ ಎ ಜೀವಸತ್ವದ ಕೊರತೆಯೂ ಇರಬಹುದು.

ಇಷ್ಟೆಲ್ಲ ಏಕೆ, ಬಟ್ಟೆ ಮುಚ್ಚಿದರೆ ಹಕ್ಕಿ ಸುಮ್ಮನಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಸುಮ್ಮನಾಗುತ್ತದೆ, ನಿಜ. ರಾತ್ರಿಯ ನಿದ್ದೆಗೆ ಬಟ್ಟೆ ಮುಚ್ಚುವುದರಲ್ಲಿ ದೋಷವೂ ಇಲ್ಲ. ಹಗಲಿನಲ್ಲಿ ಶಿಕ್ಷೆಯಾಗಿ ಮುಚ್ಚುವುದು, ನೀರು ಎರಚುವುದು, ಗೂಡಿಗೆ ಬಡಿಯುವುದು, ಹಸಿವೆಯಿಂದ ಬಗ್ಗಿಸುವುದು ಮಾತ್ರ ಬೇರೆಯೇ ವಿಚಾರ. ಇವು ಏನು ಮಾಡಬಾರದೆಂದು ಹೇಳುತ್ತವೆ, ಏನು ಮಾಡಿದರೆ ಉತ್ತರ ಸಿಕ್ಕೀತೆಂದು ಹೇಳುವುದಿಲ್ಲ. ಬಟ್ಟೆ ತೆಗೆದೊಡನೆ ಅಗತ್ಯ ಇದ್ದಲ್ಲೇ ಇರುತ್ತದೆ, ಜೊತೆಗೆ ಭಯ ಸೇರಿರುತ್ತದೆ. ಅರಸ ತಿಮ್ಮಣ್ಣ ಅಜಿಲ 1604ರಲ್ಲಿ ಫಲ್ಗುಣಿ ನದಿಯ ದಂಡೆಯಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ವೇಣೂರಿನ ಜೈನ ಪರಂಪರೆಯಲ್ಲಿ ಇದಕ್ಕೆ ನೈತಿಕ ಅಳತೆಗೋಲು ಹೊರಗಿನಿಂದ ಬರಬೇಕಾಗಿಲ್ಲ. ಜೈನರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಶ್ರಾವಕನ, ಎಂದರೆ ಗೃಹಸ್ಥನ, ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು, ಎಂದರೆ ಲೋಪಗಳನ್ನು, ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಹೊಡೆತಕ್ಕೂ ಮೊದಲು ಕಟ್ಟಿಹಾಕುವುದನ್ನು ಎಣಿಸಿದ, ಅನ್ನನೀರು ತಡೆಯುವುದನ್ನು ಬೇರೆಯಾಗಿಯೇ ಹೆಸರಿಸಿದ ಈ ಪಟ್ಟಿ ಪಂಜರದ ಹಕ್ಕಿಯ ಪಾಲಿಗೆ ಎಷ್ಟು ನಿಖರ ಎಂದು ಓದಿದಾಗಲೆಲ್ಲ ಅನ್ನಿಸುತ್ತದೆ. ರೆಕ್ಕೆ ಕತ್ತರಿಸುವ ರೂಢಿಯನ್ನು ನೆನೆದರೆ ಛೇದವೂ ದೂರವಿಲ್ಲ. 1960ರ ಪ್ರಾಣಿಹಿಂಸಾ ತಡೆ ಕಾಯಿದೆಯೂ ಹಕ್ಕಿ ಚಲಿಸಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರವನ್ನು ಅಪರಾಧವೆಂದೇ ಹೇಳುತ್ತದೆ.

ಇನ್ನೊಂದು ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಕೆಲವು ಜಾತಿಗಳು ಹುಟ್ಟಾ ಗಟ್ಟಿದನಿಯವು, ಅವುಗಳಲ್ಲಿ ಯಾವ ಉಪಾಯವೂ ಹೆಚ್ಚು ನಡೆಯದು ಎಂಬುದು ಅದು. ಸನ್ ಕಾನ್ಯೂರ್‌ನ ಕೂಗು ಬಹುದೂರ ಸಾಗುವಂಥದ್ದು. ಬಂಟ್ವಾಳದ ಫ್ಲ್ಯಾಟಿನಲ್ಲಿ ಪಕ್ಕದ ಗೋಡೆಯ ಆಚೆಗೆ ಅದು ಕೇಳದಂತೆ ಮಾಡಲಾಗದು. ತರಬೇತಿ ಕೂಗಿನ ಆವರ್ತನೆಯನ್ನು ಇಳಿಸೀತು, ಜಾತಿಯನ್ನು ಬದಲಿಸದು. ಎಮ್ಮಾ ಮೆಲ್ಲರ್, ಜಾರ್ಜಿಯಾ ಮೇಸನ್ ಮತ್ತು ಸಂಗಡಿಗರು ಹಲವು ಗಿಳಿಜಾತಿಗಳನ್ನು ಹೋಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೇಹಕ್ಕೆ ಹೋಲಿಸಿದರೆ ಮಿದುಳು ದೊಡ್ಡದಾಗಿರುವ ಜಾತಿಗಳಲ್ಲೇ ಬಂಧನದ ಹಲವು ವಿಕಾರ ವರ್ತನೆಗಳು ಹೆಚ್ಚು. ಜಾಣ ಹಕ್ಕಿ ಬೇಕೆಂದು ಹುಡುಕುವವರು ಬಂಧನವನ್ನು ತಾಳಲಾರದ ಹಕ್ಕಿಯನ್ನೇ ಆರಿಸುತ್ತಿರುತ್ತಾರೆ. ಆಕ್ಷೇಪದ ಈ ಅರ್ಧ ನಮ್ಮನ್ನು ಚಿಕಿತ್ಸೆಯಿಂದ ಖರೀದಿಯ ಹಂತಕ್ಕೆ ಒಯ್ಯುತ್ತದೆ: ಹಗಲಿಡೀ ಬೀಗ ಹಾಕಿರುವ ಮನೆಗೆ ಒಂಟಿ ಗಿಳಿಯನ್ನು ತರುವುದೇ ಬೇಡ. ಉಳಿದ ಅರ್ಧವನ್ನು ನಾನು ಒಪ್ಪುವುದಿಲ್ಲ. ಜಾತಿಸಹಜವಾದ ಕೂಗಿಗೂ ಉತ್ತರ ಕಾಣದೆ ಬೆಳೆದ ಕಿರುಚಾಟಕ್ಕೂ ವ್ಯತ್ಯಾಸ ಇದ್ದೇ ಇದೆ. ಎರಡು ವಾರ ಕಾಲ ಕೂಗಿನ ಹೊತ್ತು, ಅದಕ್ಕೆ ಮುಂಚೆ ನಡೆದದ್ದು, ಆಮೇಲೆ ಮನೆಯವರು ಮಾಡಿದ್ದು ಈ ಮೂರನ್ನು ಬರೆದಿಟ್ಟರೆ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಊರಿನ ಗಿಳಿಯ ಪ್ರಶ್ನೆ ಇವೆಲ್ಲಕ್ಕಿಂತ ಬೇರೆ. ಕೆಂಪು ಕೊರಳಪಟ್ಟಿಯ ಹಸಿರು ಗಿಳಿಯಾಗಲಿ, ಪಶ್ಚಿಮಘಟ್ಟದಲ್ಲಿ ಮಾತ್ರ ಇರುವ ನೀಲಿ ರೆಕ್ಕೆಯ ಗಿಳಿಯಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತ. ಅವನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. 2022ರ ತಿದ್ದುಪಡಿಯ ನಂತರ ಹೊರದೇಶದ ಅನೇಕ ಗಿಳಿಗಳ ಸಾಕಣೆಗೂ ನೋಂದಣಿ ಬೇಕು. ಹಸಿರು ಗಿಳಿಯ ಕಿರುಚಾಟಕ್ಕೆ ಸಿಳ್ಳೆಯ ಪಾಠ ಹೇಳುವುದು ಸರಿಯಾದ ಉತ್ತರವಾಗದು, ಏಕೆಂದರೆ ಅದು ಕರೆಯುತ್ತಿರುವ ಗುಂಪು ದಿನಕ್ಕೆರಡು ಸಲ ಅದೇ ತೋಟದ ಮೇಲೆ ನಿಜವಾಗಿ ಹಾರಿಹೋಗುತ್ತದೆ. ಹಾಗೆಂದು ಒಂದು ಬೆಳಗ್ಗೆ ಗೂಡಿನ ಬಾಗಿಲು ತೆರೆದುಬಿಡುವುದೂ ಕರುಣೆಯಲ್ಲ. ಮರಿಯಿಂದ ಕೈಯಲ್ಲೇ ಬೆಳೆದ ಗಿಳಿಗೆ ಆಹಾರ ಹುಡುಕಲೂ ಗಿಡುಗನಿಂದ ತಪ್ಪಿಸಿಕೊಳ್ಳಲೂ ಬಾರದು, ವರ್ಷಗಟ್ಟಲೆ ಪಂಜರದಲ್ಲಿದ್ದ ರೆಕ್ಕೆಗೆ ಹಾರುವ ಬಲವೂ ಇರದು. ಅಂಥ ಹಕ್ಕಿಯನ್ನು ವಲಯ ಅರಣ್ಯ ಕಚೇರಿಗೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಅದನ್ನು ತನ್ನ ಜಾತಿಯ ಹಕ್ಕಿಗಳೊಡನೆ ದೊಡ್ಡ ಆವರಣದಲ್ಲಿ ಇರಿಸಿ, ರೆಕ್ಕೆಗೆ ಬಲ ಬಂದದ್ದನ್ನೂ ಕಾಡಿನ ಹಣ್ಣು ತಿನ್ನಲು ಕಲಿತದ್ದನ್ನೂ ಪರೀಕ್ಷಿಸಿದ ಬಳಿಕವೇ ಹಂತಹಂತವಾಗಿ ಬಿಡಬೇಕು. ಹಾರಲಾರದ್ದನ್ನು ಆ ಗುಂಪಿನಲ್ಲೇ ಉಳಿಸಿಕೊಳ್ಳಬೇಕು.